ಬಂಗಾಳಕೊಲ್ಲಿಯ ಉಪ್ಪಿನ ಜಾಡು

2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದಾಗ ಬೆಂಗಳೂರಿನ ವಿಜಯನಗರ, ಕೆಂಗೇರಿಗಳಲ್ಲೂ ಜಿಟಿಜಿಟಿ ಮಳೆ, ಥಂಡಿ ಗಾಳಿ. ಬಂಗಾಳಕೊಲ್ಲಿಯ ಮೇಲ್ಪದರದ ನೀರು ಎಷ್ಟು ಬೆಚ್ಚಗಿದೆ ಎಂಬುದಕ್ಕೂ ಪಶ್ಚಿಮ ಬೆಂಗಳೂರಿನ ಇಂಥ ಮಳೆಗೂ ನಂಟಿದೆ. ಆ ಬಿಸಿಯಲ್ಲಿ ಉಪ್ಪಿನ ಪಾತ್ರ ದೊಡ್ಡದು. ಗಂಗಾ, ಬ್ರಹ್ಮಪುತ್ರ, ಐರಾವತಿಗಳು ತಂದು ಸುರಿಯುವ ಸಿಹಿನೀರು ಹಗುರ. ಅದು ಮೇಲೇ ನಿಲ್ಲುತ್ತದೆ. ಗಾಳಿ ಎಷ್ಟು ಕಲಕಿದರೂ ಕೆಳಗಿನ ತಣ್ಣೀರು ಸುಲಭವಾಗಿ ಮೇಲೆ ಬಾರದು, ಮೇಲ್ಪದರ ಬೆಚ್ಚಗೇ ಉಳಿಯುತ್ತದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಉಪ್ಪುನೀರು ಶ್ರೀಲಂಕಾವನ್ನು ಬಳಸಿ ಬಂದು ಈ ಹಗುರ ಪದರದ ಅಡಿಗೆ ನುಗ್ಗುತ್ತದೆ.

ಆ ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕಣ್ಣಿಗೆ ಕಾಣಿಸುವ ಕೆಲಸ ನಡೆದಿರುವುದು ರಾಜಾಜಿನಗರಕ್ಕೆ ಹತ್ತಿರದಲ್ಲೇ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ವಿಜಯ್ ನಟರಾಜನ್ ಅವರ ತಂಡ, ಸಾಗರ ವಿಜ್ಞಾನಿ ಪಿ.ಎನ್. ವಿನಯಚಂದ್ರನ್ ಅವರ ಜೊತೆಗೂಡಿ, 2022ರಲ್ಲಿ ಉಪ್ಪುನೀರಿನ ಚಲನೆಯನ್ನು ಹಿಂಬಾಲಿಸುವ ವಿಧಾನವನ್ನೂ, 2023ರಲ್ಲಿ ‘ಪೈಪ್ಯಾರಾಓಷನ್’ ಎಂಬ ತಂತ್ರಾಂಶವನ್ನೂ ಪ್ರಕಟಿಸಿತು. ವಿನಯಚಂದ್ರನ್ 2016ರ ಮುಂಗಾರಿನಲ್ಲಿ ‘ಸಿಂಧು ಸಾಧನಾ’ ಹಡಗಿನಲ್ಲಿ ಇದೇ ಕೊಲ್ಲಿಯ ನೀರನ್ನು ಅಳೆದುಬಂದ ಸಂಶೋಧನೆಯ ಮುಂದಾಳು. ಸಮುದ್ರ ಕಂಡವರು ಪಕ್ಕದಲ್ಲಿದ್ದದ್ದು ಈ ಕೆಲಸದ ಮೊದಲ ಬಲ.

ಎರಡನೆಯ ಬಲ, ಏನನ್ನು ಬಿಟ್ಟುಬಿಡಬೇಕು ಎಂಬ ಅರಿವು. ಸಮುದ್ರದ ಅಂಕಿಅಂಶ ಕೈಗೆ ಸಿಕ್ಕರೆ ಇಡೀ ಕೊಲ್ಲಿಗೆ ಕಾಮನಬಿಲ್ಲಿನ ಬಣ್ಣ ಬಳಿದು ತಿರುಗಿಸಿ ತೋರಿಸುವುದು ಸುಲಭ. ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ತಿಳಿಯುವುದು ಕಡಿಮೆ. ಈ ತಂಡ ಉಪ್ಪಿನಂಶ ಒಂದು ಮಿತಿಗಿಂತ ಹೆಚ್ಚಿರುವ ನೀರಿನ ರಾಶಿಯನ್ನಷ್ಟೇ ಬೇರ್ಪಡಿಸಿ, ಅದರ ಮುಂಚೂಣಿಯ ಅಂಚನ್ನು ಗುರುತಿಸುತ್ತದೆ. ಇಲ್ಲವೇ ರಾಶಿಯನ್ನು ಗೆರೆಗಳ ಒಂದು ಅಸ್ಥಿಪಂಜರಕ್ಕೆ ಇಳಿಸುತ್ತದೆ. ಇಂದಿನ ಅಂಚು ನಾಳಿನ ಯಾವ ಅಂಚಿಗೆ ಸೇರುತ್ತದೆ ಎಂದು ಕೊಂಡಿ ಹಾಕುತ್ತ ಹೋದರೆ ಜಾಡು ಮೂಡುತ್ತದೆ.

ಕಷ್ಟ ಎದುರಾಗುವುದು ಆಳದ ವಿಷಯದಲ್ಲಿ. ಸುಮಾರು 1,600 ಕಿಲೋಮೀಟರ್ ಅಗಲದ ಕೊಲ್ಲಿಯನ್ನು ಒಂದು ಮೀಟರ್ ಅಗಲದ ಪರದೆಯಲ್ಲಿ ಅಳತೆ ತಪ್ಪದೆ ತೋರಿಸಿದರೆ, ಮೇಲಿನ 200 ಮೀಟರ್ ನೀರು ಮಿಲಿಮೀಟರಿನ ಎಂಟನೇ ಒಂದು ಭಾಗ! ಏನೂ ಕಾಣದು. ಹಾಗಾಗಿ ಇಂಥ ಚಿತ್ರಗಳಲ್ಲಿ ಆಳವನ್ನು ನೂರಾರು ಪಟ್ಟು ಹಿಗ್ಗಿಸಲೇಬೇಕು. ಹಿಗ್ಗಿಸಿದ ಕೂಡಲೇ ಸಪಾಟು ಪದರ ಗುಡ್ಡದಂತೆ ಕಡಿದಾಗಿ ಕಾಣುತ್ತದೆ. ಹೊಸಬರ ಕಣ್ಣು ಮೋಸಹೋಗುವುದು ಖಂಡಿತ. ಎಷ್ಟು ಪಟ್ಟು ಹಿಗ್ಗಿಸಿದೆ ಎಂಬುದು ಪ್ರತಿ ಚಿತ್ರದ ಮೇಲೂ ಎದ್ದು ಕಾಣುವಂತೆ ಇರಬೇಕು. ಪೈಪ್ಯಾರಾಓಷನ್‌ನಲ್ಲಿ ಇದಕ್ಕೊಂದು ಒಳ್ಳೆಯ ಮದ್ದೂ ಇದೆ: ಒಂದು ಜಾಗ ಆರಿಸಿದರೆ ಅಲ್ಲಿ ಆಳಕ್ಕೆ ಇಳಿದಂತೆ ಉಪ್ಪು, ಉಷ್ಣತೆ ಹೇಗೆ ಬದಲಾಗುತ್ತವೆ ಎಂಬ ಸಾದಾ ಗೆರೆನಕ್ಷೆ ಸಿಗುತ್ತದೆ. ಹಡಗಿನಿಂದ ಉಪಕರಣ ಇಳಿಸುವವರಿಗೆ ದಿನನಿತ್ಯ ಪರಿಚಿತವಾದ ನಕ್ಷೆ ಅದು. ಮೂರು ಆಯಾಮದ ಬೆರಗಿಗಿಂತ ಈ ಗೆರೆಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಬೆರಗಿನ ಚಿತ್ರಕ್ಕಿಂತ ಸಾದಾ ಚಿತ್ರ ಹೆಚ್ಚು ತಿಳಿಸುತ್ತದೆ ಎಂಬುದಕ್ಕೆ ವೈದ್ಯಕೀಯದಲ್ಲಿ ಗಟ್ಟಿ ಪುರಾವೆಯಿದೆ. ಹೃದಯದ ರಕ್ತನಾಳಗಳ ಚಿತ್ರಗಳನ್ನು ಹಾರ್ವರ್ಡ್‌ನಲ್ಲಿ ಮಿಶೆಲ್ ಬೋರ್ಕಿನ್ ಮತ್ತು ಸಂಗಡಿಗರು 2011ರಲ್ಲಿ ಪರೀಕ್ಷೆಗೆ ಒಡ್ಡಿದರು. ಮೂರು ಆಯಾಮದ ಕಾಮನಬಿಲ್ಲಿನ ಚಿತ್ರದಲ್ಲಿ ನೋಡುಗರು ಅಪಾಯದ ಜಾಗಗಳನ್ನು ಶೇಕಡಾ 39ರಷ್ಟು ಮಾತ್ರ ಗುರುತಿಸಿದರು. ನಾಳಗಳನ್ನು ಸಪಾಟಾಗಿ ಹರಡಿ, ಬಣ್ಣ ಬದಲಿಸಿದ ಮೇಲೆ ಅದು ಶೇಕಡಾ 91ಕ್ಕೆ ಏರಿತು. ರೋಗ ಅದೇ, ಅಂಕಿ ಅದೇ, ಬದಲಾದದ್ದು ಚಿತ್ರ ಮಾತ್ರ.

ಬೆಂಗಳೂರಿನ ಕೆಲಸವೂ ಇಂಥ ಒರೆಗಲ್ಲಿಗೆ ಬರಬೇಕು. ಉಪ್ಪಿನ ಮಿತಿಯನ್ನು ಗೊತ್ತುಮಾಡುವವರು ಮನುಷ್ಯರೇ. ಮಿತಿ ತುಸು ಜರುಗಿದರೆ ರಾಶಿಯ ಆಕಾರ ಬದಲಾಗುತ್ತದೆ, ಕೆಲವೊಮ್ಮೆ ಒಂದು ರಾಶಿ ಎರಡಾಗಿ ಒಡೆಯುತ್ತದೆ. ಹಾಗಿರುವಾಗ ಒಂದೇ ಜಾಡನ್ನು ಗಟ್ಟಿ ಗೆರೆಯಲ್ಲಿ ತೋರಿಸಿದರೆ ಇಲ್ಲದ ಖಚಿತತೆ ಬಂದುಬಿಡುತ್ತದೆ. ಹತ್ತಾರು ಮಿತಿಗಳಲ್ಲೂ ಉಳಿಯುವ ಜಾಡು ಯಾವುದು, ಅಳಿಸಿಹೋಗುವುದು ಯಾವುದು ಎಂದು ಪಕ್ಕಪಕ್ಕದಲ್ಲಿ ಇಟ್ಟು, ಹವಾಮಾನ ಮುನ್ಸೂಚನೆ ಬರೆಯುವವರ ಮುಂದೆ ಹಿಡಿದು, ಅವರು ಎಷ್ಟು ಸರಿಯಾಗಿ ಓದುತ್ತಾರೆ ಎಂದು ಅಳೆಯಬೇಕು. ಈ ತಂತ್ರಾಂಶ ಕೂರುವುದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಪ್ಯಾರಾವ್ಯೂ ಎಂಬ ಚಿತ್ರಣ ತಂತ್ರಾಂಶದ ಮೇಲೆ. ಕೆಂಗೇರಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಹೋಲಿಕೆ ಒಂದು ವರ್ಷದ ಪ್ರಾಜೆಕ್ಟ್‌ಗೆ ಹೇಳಿಮಾಡಿಸಿದಂತಿದೆ.