ಜೋಡಿಯ ಎರಡನೆಯದು

ಅಟ್ಲಾಸ್ ಪ್ರಯೋಗದವರು 2015 ಮತ್ತು 2016ರ ಕಣ ಡಿಕ್ಕಿಗಳನ್ನು ಆಧರಿಸಿ ಎಲೆಕ್ಟ್ರಾನ್ ಗುರುತಿಸುವ ಬಗ್ಗೆ ಬರೆದ ಪ್ರಬಂಧವನ್ನು ಮೆಚ್ಚುವವರು ದಕ್ಷತೆಯ ಮೂರು ಅಂಕಿ ಹೇಳುತ್ತಾರೆ: ಸಡಿಲ ಮಾನದಂಡಕ್ಕೆ ಶೇ. 93, ಮಧ್ಯಮಕ್ಕೆ 88, ಬಿಗಿಗೆ 80. ಬೆನ್ನಿಗೇ ಒಂದು ಪ್ರಶಸ್ತಿ: ಸಿಮ್ಯುಲೇಶನ್ ನಂಬದೆ, ನಿಜವಾದ ಡಿಕ್ಕಿಗಳಿಂದಲೇ ಅಳೆದದ್ದು. ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ಪ್ರಶಸ್ತಿ ಮಾತ್ರ ಅತಿಯಾಯಿತು.

ವಿಧಾನ ಜಾಣತನದ್ದೇ. ಝಡ್ ಬೋಸಾನ್ ಕೆಲವೊಮ್ಮೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ. ಒಂದನ್ನು ಗಟ್ಟಿಯಾಗಿ ಗುರುತಿಸಿ, ಎರಡರ ಒಟ್ಟು ದ್ರವ್ಯರಾಶಿ 91 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಬಂದರೆ ಇನ್ನೊಂದೂ ಬಹುಮಟ್ಟಿಗೆ ಅದೇ ಜಾತಿಯದು. ಅಂಕಲಗಿಯ ರೈತನಿಗೆ ಬಿಡಿಸಿ ಹೇಳಬೇಕಿಲ್ಲ: ಒಂದೆತ್ತಿನ ಗುರುತು ಸಿಕ್ಕರೆ ಜೋಡಿಯದು ಯಾವುದೆಂದು ತಿಳಿಯುತ್ತದೆ. ಆ ಎರಡನೆಯದು ಪರೀಕ್ಷೆಯಲ್ಲಿ ಪಾಸಾಯಿತೋ ಇಲ್ಲವೋ ಎಣಿಸಿ, ಪಾಸಾದವನ್ನು ಒಟ್ಟಿನಿಂದ ಭಾಗಿಸಿದರೆ ದಕ್ಷತೆ.

ತೊಡಕು ಛೇದದಲ್ಲಿದೆ. ಪಾಸಾದವು ಬಹುತೇಕ ಶುದ್ಧ. ಫೇಲಾದವುಗಳ ಗುಂಪಿನಲ್ಲಿ ಎಲೆಕ್ಟ್ರಾನಿನ ವೇಷ ಹಾಕಿದ ಜೆಟ್‌ಗಳೂ, ಅಂದರೆ ಕಣಗಳ ಗೊಂಚಲುಗಳೂ, ಸೇರಿರುತ್ತವೆ. ಅವನ್ನು ಕಳೆಯಲು ಗುರುತಿನ ನಿಯಮಗಳನ್ನೇ ತಿರುಗಿಸಿ ಒಂದು ಮಾದರಿ ಕಟ್ಟುತ್ತಾರೆ. ಅದರೊಳಗೂ ನಿಜವಾದ ಎಲೆಕ್ಟ್ರಾನುಗಳು ನುಸುಳುತ್ತವೆ. ಎಷ್ಟು ನುಸುಳಿದವು ಎನ್ನಲು ಮತ್ತೆ ಸಿಮ್ಯುಲೇಶನ್ ಬೇಕು! ಆಮೇಲೆ ದ್ರವ್ಯರಾಶಿಯ ಕಿಟಕಿ, ಮಾದರಿ ಮುಂತಾದವನ್ನು ಬದಲಿಸಿ ಹಲವು ಸಲ ಲೆಕ್ಕ ಹಾಕುತ್ತಾರೆ. ಸರಾಸರಿಯೇ ಉತ್ತರ, ಚದುರುವಿಕೆಯೇ ಅನಿಶ್ಚಿತತೆ. ಆದರೆ ಚದುರಿದ್ದು ಆಯ್ಕೆಗಳು. ಎಲ್ಲ ಆಯ್ಕೆಗಳೂ ಒಂದೇ ಕಡೆ ವಾಲಿದ್ದರೆ ಆ ವಾಲು ಚದುರುವಿಕೆಯಲ್ಲಿ ಕಾಣುವುದೇ ಇಲ್ಲ.

ಇಷ್ಟು ಹೇಳಿದ್ದೇ ತಡ, ಇನ್ನೊಂದು ಬಣದವರು ಎದ್ದು ಕೂರುತ್ತಾರೆ: ಹಾಗಾದರೆ ಎಲ್ಲವೂ ಕಂಪ್ಯೂಟರಿನ ಕಟ್ಟುಕತೆ ತಾನೆ? ಇವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಪರಿಚಿತ ಕಣವೊಂದರಿಂದ ಉಪಕರಣವನ್ನು ತಾಳೆ ನೋಡುವ ಭಾಗ್ಯ ಎಷ್ಟು ದೊಡ್ಡದೆಂದು ಇವರಿಗೆ ಗೊತ್ತಿಲ್ಲ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಹಿಡಿದವರಿಗೆ ಝಡ್‌ನಂಥ ಜೋಡಿ ಎಲ್ಲಿತ್ತು? ಅದೇ ಗಣಿಯಿಂದ 1975ರಲ್ಲಿ ಹೊಸ ಕಣದ ಸುಳಿವೆಂದು ಪ್ರಕಟವಾದ ‘ಕೋಲಾರ ಘಟನೆಗಳು’ ಇಂದಿಗೂ ದೃಢಪಟ್ಟಿಲ್ಲ. ಕೈಬೆರಳೆಣಿಕೆಯ ಗೆರೆಗಳಲ್ಲಿ ಯಾವುದನ್ನು ಯಾವುದರ ಜೊತೆ ತಾಳೆ ನೋಡುವುದು? ಈ ಕಷ್ಟ ಬಲ್ಲವರು ಅಟ್ಲಾಸಿನ ಲೆಕ್ಕವನ್ನು ಕಟ್ಟುಕತೆ ಎನ್ನಲಾರರು.

ಹೊಗಳುವವರಿಗೆ ಇನ್ನೊಂದು ಮಾತು. ಝಡ್‌ನ ಎಲೆಕ್ಟ್ರಾನುಗಳು ಹೆಚ್ಚಾಗಿ 45 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನವು, ಸುತ್ತ ಗಲಾಟೆಯಿಲ್ಲದವು. ಅವುಗಳಿಂದ ಸಿಮ್ಯುಲೇಶನ್‌ಗೆ ಪಡೆದ ತಿದ್ದುಪಡಿಯನ್ನು ಜೆಟ್‌ಗಳ ಸಂದಣಿಯಲ್ಲಿ ಸಿಕ್ಕ ಎಲೆಕ್ಟ್ರಾನಿಗೂ ಹಚ್ಚುವುದು ಅಳತೆಯಲ್ಲ, ಊಹೆ. ಆ 93, 88, 80 ಕೂಡ 40 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನವು, ಕೆಳಗಿಳಿದಂತೆ ಕುಸಿಯುತ್ತವೆ. ಮುಂದಿನ ಲೇಖನದಲ್ಲಿ ಅಂಕಿಯ ಪಕ್ಕ ಇದನ್ನಾದರೂ ಬರೆಯಲಿ.