ಹೊನ್ನಾವರದ ದಂಡಿಗೆ ಯಾವ ಪಟ್ಟಿ? ವೀರಗಲ್ಲು, ಬಿಸುಗೆ ಮತ್ತು ಮೇಜಿನ ಮೇಲಿನ ಯುದ್ಧ

ಕುಮಟಾ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರೂ ಗೆಳೆಯರೂ ಸೇರಿ 15 ಮಿಲಿಮೀಟರ್ ಅಳತೆಯ ಲೋಹದ ಗೊಂಬೆಗಳಲ್ಲಿ ನಮ್ಮ ಕರಾವಳಿಯ ಹಳೇ ದಂಡೊಂದನ್ನು ಕಟ್ಟುತ್ತಾ ಇದ್ದಾರಂತೆ. ಭಟ್ಕಳ ತಾಲೂಕಿನ ಕಾಯ್ಕಿಣಿಯ ವೀರಗಲ್ಲುಗಳ ಫೋಟೊ ಇಟ್ಟುಕೊಂಡು, ಬಿಲ್ಲು ಹಿಡಿದವರು ಎಷ್ಟು, ಕತ್ತಿ-ಗುರಾಣಿಯವರು ಎಷ್ಟು, ಕುದುರೆ ಎಷ್ಟು ಅಂತ ಎಣಿಸಿ, ಅದೇ ಪ್ರಮಾಣದಲ್ಲಿ ಗೊಂಬೆ ಕೂರಿಸಿದರೆ ‘ಶಾಸನಾಧಾರಿತ ಸೈನ್ಯ’ ಅನ್ನಬಹುದಲ್ಲ ಸಾರ್ ಅನ್ನೋದು ಪ್ರಶ್ನೆ. ಅನ್ನಬಾರದು ಅನ್ನೋದು ನನ್ನ ಉತ್ತರ. ಕಾರಣವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಇದೇ ಎಣಿಕೆಯನ್ನು ಗೊಂಬೆಯಾಟದ ಗಂಧವೇ ಇಲ್ಲದವರೂ ಲೇಖನಗಳಲ್ಲಿ, ಭಾಷಣಗಳಲ್ಲಿ ಧಾರಾಳವಾಗಿ ಮಾಡುತ್ತಾರೆ.

ಮೊದಲು ಆಟದ ವಿಷಯ. ಮೇಜಿನ ಮೇಲೆ ಗುಡ್ಡ, ಹೊಳೆ, ಕಾಡಿನ ಮಾದರಿ ಇಟ್ಟು, ಅಳತೆಪಟ್ಟಿ ಮತ್ತು ದಾಳ ಹಿಡಿದು ಪ್ರಾಚೀನ ಯುದ್ಧಗಳನ್ನು ಆಡುವ ಪದ್ಧತಿ ಇದು. ಇದರಲ್ಲಿ ಬಹಳ ಹೆಸರಾದ ನಿಯಮಪುಸ್ತಕ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’, ಚಿಕ್ಕದಾಗಿ ಡಿಬಿಎ. ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಜೊತೆಗಾರರು 1990ರಲ್ಲಿ ಹೊರತಂದದ್ದು. ಒಂದೊಂದು ಕಡೆಗೆ 12 ಬೇಸ್; ಒಂದು ಬೇಸಿಗೆ ‘ಎಲಿಮೆಂಟ್’ ಅಂತ ಹೆಸರು. ಬಾರ್ಕರ್ ಅವರ ಇಂಗ್ಲಿಷು ಎಷ್ಟು ಬಿಗಿ ಅಂದರೆ ಒಂದು ಅಲ್ಪವಿರಾಮ ಜರುಗಿದರೆ ಆನೆ ಸಾಯುತ್ತೆ, ಇಲ್ಲದಿದ್ದರೆ ಬದುಕುತ್ತೆ. ಅದನ್ನು ಬಿಡಿಸಿ ಹೇಳೋದಕ್ಕೆ ಅಮೆರಿಕದ ಆಟಗಾರರು ಅನಧಿಕೃತ ಮಾರ್ಗದರ್ಶಿಯೊಂದನ್ನೇ ಬರೆದರು. ಶಾಸನ ಓದುವವರಿಗೆ ಈ ಕಷ್ಟ ಹೊಸದಲ್ಲ. ಅವರದು ‘ರೂಲ್ ಕ್ಲಾರಿಫಿಕೇಶನ್’, ನಮ್ಮದು ಪಾಠಾಂತರ ಮತ್ತು ಅರ್ಥನಿರ್ಣಯ.

ನಿಯಮಗಳ ಬಗ್ಗೆ ನನಗೆ ಗೌರವ ಇದೆ. ತಕರಾರು ಇರುವುದು ಸೈನ್ಯಪಟ್ಟಿಯ ಬಗ್ಗೆ. ಪುಸ್ತಕದ ಮೂರನೇ ಭಾಗದ 10ನೇ ಪಟ್ಟಿಯ ಹೆಸರು ‘ಹಿಂದೂ ಇಂಡಿಯನ್’, ಕಾಲ ಕ್ರಿ.ಶ. 545ರಿಂದ 1510. ಅಂದರೆ 965 ವರ್ಷಕ್ಕೆ ಒಂದೇ ತಲೆಬರಹ. ರಜಪೂತರಿಗೆ ಒಂದು ಉಪವಿಭಾಗ ಕೊಟ್ಟಿದ್ದಾರೆ; ಉಳಿದವರೆಲ್ಲ ‘ಇತರೆ’. ಒಂದನೇ ಪುಲಕೇಶಿಯ ಬಾದಾಮಿ ಬಂಡೆಶಾಸನ ಶಕ 465, ಅಂದರೆ ಕ್ರಿ.ಶ. 543ರದ್ದು. ಹಾಗಾಗಿ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಮೊದಲ ಮೂರು ವಂಶದವರು ಎಲ್ಲರೂ ಆ ‘ಇತರೆ’ಯ ಒಳಗೇ ಬರಬೇಕು. ಆನೆ, ಕುದುರೆ, ಬಿಲ್ಲುಗಾರ, ಕತ್ತಿಯವ. ಅದೇ ನಾಲ್ಕು ಬಗೆಯ ಗೊಂಬೆಯನ್ನು ಅತ್ತಿತ್ತ ಜರುಗಿಸಿದರೆ ಇಮ್ಮಡಿ ಪುಲಕೇಶಿಯೂ ಆದ, ಸಾಳುವ ನರಸಿಂಹನೂ ಆದ! ನಮ್ಮ ಕವಿಗಳು ರಥವೇ ಕಾಣದ ಕಾಲದಲ್ಲೂ ‘ಚತುರಂಗ ಬಲ’ ಅಂತ ಬರೆಯುತ್ತಲೇ ಇದ್ದರಲ್ಲ, ಅದರ ಇಂಗ್ಲಿಷ್ ತಮ್ಮ ಇದು.

ಪಟ್ಟಿ ಇಷ್ಟು ಒರಟಾಗಿರೋದರಿಂದಲೇ ನಮ್ಮ ಹುಡುಗರು ವೀರಗಲ್ಲಿನ ಕಡೆ ತಿರುಗಿದ್ದಾರೆ. ಆಸೆ ಸರಿಯಾದದ್ದೇ. ಆದರೆ ವೀರಗಲ್ಲು ಯಾವ ಪ್ರಶ್ನೆಗೆ ಸಾಕ್ಷಿ ಹೇಳುತ್ತೆ, ಯಾವುದಕ್ಕೆ ಹೇಳೋದಿಲ್ಲ ಅನ್ನೋದು ಮೊದಲು ತೀರ್ಮಾನ ಆಗಬೇಕು.

ಸಾಮಾನ್ಯ ವೀರಗಲ್ಲಿಗೆ ಮೂರು ಹಂತ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಸನ್ನಿಧಿ; ಜೈನರದಾದರೆ ಅಲ್ಲಿ ಜಿನ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ. ಕಾದಾಟದ ಹಂತದಲ್ಲಿ ಸತ್ತ ವೀರ ದೊಡ್ಡವನು, ಅವನ ಎದುರು ಬಿದ್ದವರು ಚಿಕ್ಕವರು. ಶಿಲ್ಪಿಗೆ ಕೊಟ್ಟದ್ದು ಮೊಳವೊಂದರ ಅಗಲದ ಕಲ್ಲು, ಹೇಳಿಸಿಕೊಂಡದ್ದು ಒಬ್ಬನ ಸಾವು. ಅಲ್ಲಿ ಮೂವರು ಬಿಲ್ಲಾಳುಗಳಿದ್ದರೆ ಅದು ಆ ಅಗಲದಲ್ಲಿ ಹಿಡಿಸಿದ ಸಂಖ್ಯೆ. ಹೆಚ್ಚೆಂದರೆ ‘ಬಾಣವೂ ಹಾರಿತ್ತು’ ಅನ್ನೋದರ ಗುರುತು. ದಂಡಿನಲ್ಲಿ ಬಿಲ್ಲಿನವರ ಶೇಕಡಾವಾರು ಅದರಿಂದ ಸಿಕ್ಕೋದಿಲ್ಲ. ಕತ್ತಿ ನೇರವೋ ಬಾಗಿದ್ದೋ, ಗುರಾಣಿ ದುಂಡಗೋ ಉದ್ದವೋ, ಮುಡಿ ಹೇಗೆ, ಸೊಂಟದ ಬಟ್ಟೆ ಹೇಗೆ, ಕುದುರೆಗೆ ಜೀನು ಇದೆಯೋ, ಇದನ್ನೆಲ್ಲ ಕಲ್ಲಿನಿಂದ ತೆಗೆದುಕೊಳ್ಳಿ. ಅದಕ್ಕಿಂತ ಒಳ್ಳೆಯ ಆಧಾರ ನಮಗಿಲ್ಲ.

ಚಿತ್ರ ಮತ್ತು ಬರಹ ಬೇರೆ ಬೇರೆ ದಾರಿ ಹಿಡಿಯಬಹುದು ಅನ್ನೋದಕ್ಕೆ ಕನ್ನಡದಲ್ಲಿ ಒಂದು ದೊಡ್ಡ ಉದಾಹರಣೆ ಇದೆ: ಮದ್ದೂರು ತಾಲೂಕಿನ ಆತಕೂರು ಶಾಸನ, ಶಕ 872, ಅಂದರೆ ಕ್ರಿ.ಶ. 949-50. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದದ್ದು, ಮೆಚ್ಚಿದ ರಾಷ್ಟ್ರಕೂಟ ಮೂರನೇ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟದ್ದು ಅದರಲ್ಲಿದೆ. ನಮ್ಮ ಘಟ್ಟದ ಮೇಲಿನ ಬನವಾಸಿ ಸೀಮೆ ಒಂದು ಆನೆಯ ಬೆನ್ನ ಮೇಲೆ ಕೈ ಬದಲಾದ ಕತೆ. ಹಾಗಾದರೆ ಕಲ್ಲಿನ ಮೇಲಿನ ಚಿತ್ರ ಯಾವುದು? ನಾಯಿಯೊಂದು ಹಂದಿಯೊಂದರ ಜೊತೆ ಕಾದುತ್ತಿರೋದು! ಬೂತುಗನ ಬಂಟ ಮಣಲೆರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು. ಕಲ್ಲು ನಿಲ್ಲಿಸಿದ್ದು ಅದಕ್ಕೆ. ಚಿತ್ರ ನೋಡಿ ಸೈನ್ಯ ಕಟ್ಟುವವರು ತಕ್ಕೋಲಕ್ಕೆ ಒಂದು ನಾಯಿ ಎಲಿಮೆಂಟ್ ಕಳಿಸಬೇಕಾದೀತು.

ಇದೇ ಶಾಸನದ ಬರಹದಲ್ಲಿ ಆಟದವರಿಗೆ ನೇರವಾಗಿ ಬೇಕಾದ ಒಂದು ಮಾತಿದೆ. ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವಲ್ಲಿ ‘ಬಿಸುಗೆ’ ಮತ್ತು ‘ಕಳ’ ಅನ್ನೋ ಎರಡು ಪದ ಜೊತೆಗೆ ಬರುತ್ತವೆ. ಫ್ಲೀಟ್ ಮೊದಲ ಸಲ ಇದನ್ನು ಪ್ರಕಟಿಸಿದಾಗ ‘ಕಳ’ವನ್ನು ಕಳ್ಳತನದ ಕಡೆಗೆ ಎಳೆದು, ಬೂತುಗ ಮೋಸದಿಂದ ಕೊಂದ ಅಂತ ಅರ್ಥ ಮಾಡಿದರು. ಆಮೇಲೆ ಅವರೇ ತಿದ್ದಿದರು. ಬಿಸುಗೆ ಅಂದರೆ ಆನೆಯ ಮೇಲಿನ ಪೀಠ. ಕಳ ಅಂದರೆ ಕಣ, ರಣರಂಗ. ಬಿಸುಗೆಯನ್ನೇ ರಣರಂಗ ಮಾಡಿಕೊಂಡು ಇರಿದು ಕೊಂದ ಅಂತ ಆಯ್ತು. ಒಂದು ಪದದ ಓದು ಬದಲಾದದ್ದಕ್ಕೆ ಕೊಲೆಗಾರ ವೀರನಾದ. ಎಷ್ಟೋ ಹಳೇ ಇತಿಹಾಸ ಪುಸ್ತಕಗಳಲ್ಲಿ ಆ ಮೊದಲ ಅರ್ಥದ ನೆರಳು ಹಾಗೇ ಉಳಿದಿದೆ.

ಈಗ ಎದುರು ಪಕ್ಷದ ದಾಖಲೆ ನೋಡಿ. ಚೋಳರ ದೊಡ್ಡ ಲೈಡನ್ ತಾಮ್ರಪಟ ರಾಜಾದಿತ್ಯ ಆನೆಯ ಮೇಲೇ, ಕೃಷ್ಣರಾಜನ ಬಾಣ ಎದೆಗೆ ನಾಟಿ ಸತ್ತ ಅನ್ನುತ್ತೆ. ಬೂತುಗನ ಹೆಸರೇ ಇಲ್ಲ. ಆಟದ ಭಾಷೆಯಲ್ಲಿ ಹೇಳೋದಾದರೆ ಆತಕೂರಿನ ಪ್ರಕಾರ ಇದು ಕೈಕೈ ಕಾಳಗದ ಸಾವು, ಲೈಡನ್ ಪ್ರಕಾರ ದೂರದ ಬಾಣದ ಸಾವು. ಡಿಬಿಎಯಲ್ಲಿ ಎರಡಕ್ಕೂ ಬೇರೆ ಬೇರೆ ಘಟ್ಟ, ಬೇರೆ ಲೆಕ್ಕ. ನಾನು ಯಾವುದನ್ನು ಆರಿಸುತ್ತೇನೆ ಅಂದರೆ, ಎರಡೂ ಕಡೆಯವರು ಒಪ್ಪಿದ್ದನ್ನು: ಸೇನಾಪತಿ ಆನೆಯ ಮೇಲಿದ್ದ, ಆನೆಯ ಮೇಲೇ ಸತ್ತ, ಆ ಯುದ್ಧ ಚೋಳರ ಕೈ ತಪ್ಪಿತು. ಕೊಂದವನ ಹೆಸರಿನಲ್ಲಿ ಎರಡೂ ದಾಖಲೆಗೆ ಸ್ವಾರ್ಥ ಇದೆ. ಬೂತುಗನಿಗೆ ಬಂದ ನಾಡುಗಳಿಗೆ ಕಾರಣ ಬೇಕು. ಚೋಳರಿಗೆ ತಮ್ಮ ಕುಮಾರ ಸಾಮಂತನ ಕೈಯಲ್ಲಲ್ಲ, ಚಕ್ರವರ್ತಿಯ ಬಾಣಕ್ಕೇ ಸತ್ತ ಅನ್ನೋ ಮರ್ಯಾದೆ ಬೇಕು.

ಡಿಬಿಎ 2.2 ಆವೃತ್ತಿಯಲ್ಲಿ ನಾಲ್ಕು ಎಲಿಮೆಂಟನ್ನಾಗಲಿ ದಂಡನಾಯಕನನ್ನಾಗಲಿ ಕಳೆದುಕೊಂಡು, ಒಟ್ಟು ನಷ್ಟವೂ ಎದುರಾಳಿಗಿಂತ ಹೆಚ್ಚಾದವನು ಸೋತ ಅನ್ನೋ ನಿಯಮ ಇದೆ. ತಕ್ಕೋಲಕ್ಕೆ ಇದು ಹೇಳಿ ಮಾಡಿಸಿದ ಹಾಗೆ ಕೂರುತ್ತೆ. ಅದಕ್ಕೇ ನಿಯಮ ಚೆನ್ನಾಗಿದೆ, ಪಟ್ಟಿ ಚೆನ್ನಾಗಿಲ್ಲ ಅನ್ನೋದು. ನಿಯಮಕ್ಕೆ ಕೈಗೆ ಸಿಗದೇ ಹೋಗೋದು ಬಿಸುಗೆ. ಆಟದಲ್ಲಿ ಆನೆ, ಮಾವಟಿಗ, ಮೇಲೆ ಕೂತ ಅರಸು ಎಲ್ಲ ಸೇರಿ ಒಂದೇ ಅಂಕೆ. ಆನೆ ನಿಂತಿರುವಾಗಲೇ ಅರಸು ಬೀಳೋದು ಅಲ್ಲಿ ಸಾಧ್ಯವಿಲ್ಲ.

ಇನ್ನು ಹೊನ್ನಾವರ. ನಮ್ಮ ಮೂರೂ ತಾಲೂಕಿನಲ್ಲಿ ಶಾಸನಗಳಿಗೆ ಬರ ಇಲ್ಲ. ಕುಮಟಾ ತಾಲೂಕಿನ ಹಿರೇಗುತ್ತಿಯಲ್ಲಿ ಭೋಜ ಅರಸರ ತಾಮ್ರಪಟ ಸಿಕ್ಕಿದೆ, ಹೊನ್ನಾವರದಲ್ಲಿ ಕೈಕೇಯ ಚಿತ್ರಸೇನನದು. ಎರಡೂ ಬೌದ್ಧರಿಗೆ ಕೊಟ್ಟ ದಾನದ ಪತ್ರಗಳು; ದಂಡಿನ ಲೆಕ್ಕ ಅಲ್ಲಿ ಹುಡುಕಬಾರದು. ಆದರೆ ಹೊನ್ನಾವರದಿಂದ ಹೊರಟ ಒಂದು ದಂಡನ್ನು ಅದರ ಜೊತೆಯಲ್ಲೇ ಹೋದವನೊಬ್ಬ ಬರೆದಿಟ್ಟಿದ್ದಾನೆ. ಅವನು ಇಬ್ನ್ ಬತೂತ, ಕಾಲ 1340ರ ದಶಕ. ಅವನ ‘ಹಿನವರ್’ ನಮ್ಮ ಹೊನ್ನಾವರ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಕುದುರೆಯವರು, ಕಾಲಾಳು ಸೇರಿ ಅವನ ಸೈನ್ಯ ಸುಮಾರು 6000. ಸಮುದ್ರದ ಮೇಲಿನ ಅವನ ಬಲಕ್ಕೆ ಹೆದರಿ ಮಲಬಾರಿನವರು ವರ್ಷಕ್ಕಿಷ್ಟು ಅಂತ ಹಣ ಕೊಡುತ್ತಿದ್ದರು. (ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಅಂತಲೂ ಎಣಿಸಿ ಬರೆದ ಮನುಷ್ಯ ಇವನು.)

ದಂಡಯಾತ್ರೆ ಸಂದಾಬೂರಿನ ಮೇಲೆ, ಅಂದರೆ ಗೋವೆಯ ಮೇಲೆ. ಅಲ್ಲಿನ ರಾಜನಿಗೂ ಮಗನಿಗೂ ಜಗಳ. ನೀವು ಬಂದರೆ ಮತಕ್ಕೆ ಸೇರುತ್ತೇನೆ, ನಿಮ್ಮ ತಂಗಿಯನ್ನು ಮದುವೆಯಾಗುತ್ತೇನೆ ಅಂತ ಮಗ ಪತ್ರ ಬರೆದ. 52 ಹಡಗು ಹೊರಟವು. ಎದುರು ದಡದಿಂದ ಕಲ್ಲೆಸೆಯುವ ಯಂತ್ರಗಳು ಹೊಡೆದವು. ಸುಲ್ತಾನನ ಹತ್ತಿರ ನಿಂತಿದ್ದವನಿಗೇ ಒಂದು ಕಲ್ಲು ಬಿತ್ತು. ಹಡಗಿನವರು ಗುರಾಣಿ, ಕತ್ತಿ ಹಿಡಿದು ನೀರಿಗೆ ಹಾರಿದರು, ಇಬ್ನ್ ಬತೂತನೂ ಹಾರಿದ. ಜೊತೆಗೆ ‘ತರೀದಾ’ ಅನ್ನೋ ಎರಡು ಹಡಗಿದ್ದವು. ಅವುಗಳ ಹಿಂಭಾಗ ತೆರೆದಿತ್ತು. ಒಳಗೇ ಸವಾರ ಕುದುರೆ ಹತ್ತಿ, ಕವಚ ತೊಟ್ಟು, ಸೀದಾ ದಡಕ್ಕೆ ನುಗ್ಗಬಹುದಿತ್ತು.

ಇಂಥ ಸಾಕ್ಷಿಯ ಬೆಲೆ ತಿಳಿಯಬೇಕಾದರೆ ಐಹೊಳೆ ಶಾಸನದ ಪಕ್ಕ ಇಟ್ಟು ನೋಡಬೇಕು. ಇಮ್ಮಡಿ ಪುಲಕೇಶಿ ಪಡುಗಡಲ ಪುರಿಯನ್ನು ಮುತ್ತಿದ್ದನ್ನು ರವಿಕೀರ್ತಿ ಕ್ರಿ.ಶ. 634ರಲ್ಲಿ ಹೇಳುವಾಗ ಹಡಗುಗಳು ನೂರಾರು, ಒಂದೊಂದೂ ಮದದಾನೆಯ ಹಾಗೆ. ಕಾವ್ಯ ದೊಡ್ಡದು, ಮುತ್ತಿಗೆಯೂ ನಿಜವೇ ಇರಬೇಕು. ಆದರೆ ‘ನೂರಾರು’ ಅನ್ನೋದು ಸಂಖ್ಯೆಯಲ್ಲ. 52 ಸಂಖ್ಯೆ.

ಈಗ ಈ ದಂಡು ಯಾವ ಪಟ್ಟಿಗೆ ಸೇರುತ್ತೆ? ಸುಲ್ತಾನ ಮುಸಲ್ಮಾನ, ಆದ್ದರಿಂದ ‘ಹಿಂದೂ ಇಂಡಿಯನ್’ ಅಲ್ಲ. ಆದರೆ ಅವನ ಮೇಲೆ ‘ಹರ್ಯಬ್’ ಅನ್ನೋ ಹಿಂದೂ ಅರಸನಿದ್ದ ಅಂತ ಇಬ್ನ್ ಬತೂತನೇ ಹೇಳುತ್ತಾನೆ. ಅವನು ವಿಜಯನಗರದ ಒಂದನೇ ಹರಿಹರ ಅಂತ ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹಾಗಾಗಿ ದೆಹಲಿ ಮಾದರಿಯ ಸುಲ್ತಾನರ ಪಟ್ಟಿಗೂ ಹೊಂದೋದಿಲ್ಲ. ಸೈನ್ಯಗಳನ್ನು ಮತದ ಹೆಸರಲ್ಲಿ ಕಪಾಟು ಮಾಡಿ ಇಟ್ಟವರಿಗೆ ಹೊನ್ನಾವರ ಇಡಲು ಜಾಗವೇ ಇಲ್ಲ. ಇದು ಗೊಂಬೆಯವರ ತೊಂದರೆ ಮಾತ್ರ ಅಲ್ಲ. ನಮ್ಮ ಕರಾವಳಿಯ ಇತಿಹಾಸ ಬರೆಯುವವರಲ್ಲೂ ಜಮಾಲುದ್ದೀನನನ್ನು ಪೂರ್ತಿ ಬಿಟ್ಟುಬಿಡುವವರು ಇದ್ದಾರೆ, ಅವನನ್ನು ಮಾತ್ರ ಹಿಡಿದುಕೊಂಡು ಹರ್ಯಬ್‌ನನ್ನು ಬಿಡುವವರೂ ಇದ್ದಾರೆ. ಇಬ್ಬರೂ ಅರ್ಧ ಪುಟ ಹರಿದೇ ಓದುತ್ತಾರೆ.

ಪಟ್ಟಿಯ ಕೊನೆಯ ವರ್ಷ 1510ಕ್ಕೂ ಹೊನ್ನಾವರವೇ ಸಾಕ್ಷಿ. ಹೊನ್ನಾವರದ ತಿಮ್ಮಯ್ಯ (ಪೋರ್ಚುಗೀಸರ ತಿಮೋಜ) ಆ ವರ್ಷ ಅಲ್ಬುಕರ್ಕನನ್ನು ಗೋವೆಯ ಕಡೆ ತಿರುಗಿಸಿ, ತನ್ನ ಹಡಗುಗಳನ್ನೂ ಜೊತೆಗೆ ಕೊಂಡೊಯ್ದ. ಪೋರ್ಚುಗೀಸರ ಬಲಪಕ್ಕಕ್ಕೆ ನಿಂತ ಆ ದಂಡಿಗೆ ಯಾವ ಹೆಸರು ಕೊಡುತ್ತೀರಿ?

ಕುಮಟಾದವರಿಗೆ ನನ್ನ ಸಲಹೆ ಹೀಗೆ. ಮೇಲುಪಟ್ಟಿಯನ್ನು ಮರೆತು ‘ಹೊನ್ನಾವರ, 1340ರ ದಶಕ’ ಅಂತ ಒಂದು ಊರು, ಒಂದು ಕಾಲ ಹಿಡಿಯಿರಿ. 6000ವನ್ನು 12 ಎಲಿಮೆಂಟಿಗೆ ಹಂಚಿದರೆ ಒಂದಕ್ಕೆ 500 ಆಳು, ಲೆಕ್ಕ ಸರಾಗ. ಆದರೆ 52ರಲ್ಲಿ 2 ಹಡಗು ಕುದುರೆಯದು ಅಂತ ಭಾಗಾಕಾರ ಮಾಡಿ ಕುದುರೆಯ ಪ್ರಮಾಣ ತೆಗೆಯಬೇಡಿ. ಹಡಗು ದೊಡ್ಡದು, ಚಿಕ್ಕದು ಎಲ್ಲ ಇದ್ದವು. ಕುದುರೆ ಎಲಿಮೆಂಟ್ ಒಂದೇ ಇರಲಿ. ವಿಜಯನಗರಕ್ಕೆ ಭಟ್ಕಳದಲ್ಲಿ ಕುದುರೆ ಇಳಿಯುತ್ತಿತ್ತಲ್ಲ ಅಂತ ಕೇಳುವವರಿಗೆ: ಅವು ಘಟ್ಟ ಹತ್ತಿ ಹೋಗುವ ಸರಕು, ಬಂದರಿನಲ್ಲಿ ಇಳಿದದ್ದೆಲ್ಲ ಬಂದರಿನ ದಂಡಲ್ಲ. ಆನೆಗೆ ಈ ಯಾತ್ರೆಯಲ್ಲಿ ಆಧಾರವಿಲ್ಲ, ಬೇಡ. ಉಳಿದವರು ಕತ್ತಿ-ಗುರಾಣಿಯ ಕಾಲಾಳು, ಸ್ವಲ್ಪ ಬಿಲ್ಲಿನವರು. ಅವರ ಗುರಾಣಿಯ ಆಕಾರಕ್ಕೆ, ಮುಡಿಗೆ, ಉಡುಗೆಗೆ ಕಾಯ್ಕಿಣಿಯ ಫೋಟೊ ಬಳಸಿ, ನಡುವಿನ ಕಾಲದ ಅಂತರವನ್ನು ಬರೆದಿಡಿ.

ನಿಯಮದಲ್ಲಿ ಒಂದು ಸ್ಪಷ್ಟೀಕರಣ ಮಾತ್ರ ನೀವೇ ಸೇರಿಸಿಕೊಳ್ಳಬೇಕು. ಕರಾವಳಿ ತವರಿನ ಸೈನ್ಯಕ್ಕೆ ಕೆಲವು ಎಲಿಮೆಂಟನ್ನು ಹಿಂದಿಟ್ಟುಕೊಂಡು ನೀರಿನ ಕಡೆಯಿಂದ ಇಳಿಸುವ ಅವಕಾಶ ಡಿಬಿಎಯಲ್ಲಿ ಇದೆ. ಹಾಗೆ ಇಳಿದ ಕುದುರೆ ಅದೇ ಸರದಿಯಲ್ಲಿ ಕಾದಬಹುದೇ ಅಂತ ಮೇಜಿನ ಸುತ್ತ ಜಗಳ ಆಗೋದು ಖಂಡಿತ. ಹೊನ್ನಾವರದ ಮಟ್ಟಿಗೆ ಕಾದಬಹುದು: ಸವಾರ ಹಡಗಿನೊಳಗೇ ಕವಚ ತೊಟ್ಟಾಗಿದೆ. ನಿಮ್ಮ ತರೀದಾದ ಮಾದರಿ 40 ಮಿಲಿಮೀಟರ್ ಅಗಲದ ಬೇಸ್ ಹಿಡಿಸುವಷ್ಟಿರಲಿ. ಬಾಗಿಲು ಹಿಂಭಾಗದಲ್ಲಿರಲಿ, ಮುಂದೆ ಅಲ್ಲ.