ಹಕ್ಲೂಟನ ಸಂಗ್ರಹದಲ್ಲಿ ವಿಜಾಪುರ

ಇಂಗ್ಲಿಷ್ ಭೂಗೋಲಜ್ಞನಾದ ರಿಚರ್ಡ್ ಹಕ್ಲೂಟನು ಫ್ರಾನ್ಸಿನಿಂದಾಚೆಗೆ ಕಾಲಿಟ್ಟವನಲ್ಲ. ವೃತ್ತಿಯಿಂದ ಪಾದ್ರಿ, ಹಳೆಯ ಹೊಸ ಭೂಪಟಗಳನ್ನು ಮುಂದಿಟ್ಟು ಪಾಠ ಹೇಳಿದವನಾದ್ದರಿಂದ ನಮ್ಮವನೂ ಹೌದು. ನಾವಿಕರ, ವರ್ತಕರ ಪತ್ರಗಳನ್ನೂ ವೃತ್ತಾಂತಗಳನ್ನೂ ಕೂಡಿಸಿ ೧೫೮೯ರಲ್ಲಿ ಪ್ರಕಟಿಸಿದ ಸಂಕಲನವನ್ನು ಅವನು ೧೫೯೮ರಿಂದ ೧೬೦೦ರೊಳಗೆ ಮೂರು ಸಂಪುಟಗಳಿಗೆ ಬೆಳೆಸಿದನು.

ಜತ್ತ ತಾಲ್ಲೂಕಿನವರಾದ ನಮಗೆ ಅದರಲ್ಲಿ ಮುಖ್ಯವಾದುದು ರಾಲ್ಫ್ ಫಿಚ್ ಎಂಬ ವರ್ತಕನ ವೃತ್ತಾಂತ. ಗೋವೆಯಲ್ಲಿ ಪೋರ್ತುಗೀಜರ ಸೆರೆಯಲ್ಲಿದ್ದ ಫಿಚ್ ಮತ್ತು ಸಂಗಡಿಗರು ಜಾಮೀನಿನ ಮೇಲೆ ಹೊರಬರಲು ನೆರವಾದವರಲ್ಲಿ ಪಾದ್ರಿ ಥಾಮಸ್ ಸ್ಟೀಫನ್ಸ್ ಒಬ್ಬನು. ಮರಾಠಿಯಲ್ಲಿ 'ಕ್ರಿಸ್ತಪುರಾಣ' ರಚಿಸಿದವನು ಇವನೇ. ೧೫೮೪ರಲ್ಲಿ ಫಿಚ್ ಅಲ್ಲಿಂದ ತಪ್ಪಿಸಿಕೊಂಡು ನಮ್ಮ ನೆರೆಯ ವಿಜಾಪುರಕ್ಕೆ ಬಂದನು. ಹಾದಿಯಲ್ಲಿ ಅವನು 'ಬೆಲ್ಲೆರ್ಗನ್' ಎಂದು ಕರೆದ ಊರು ಬೆಳಗಾವಿಯೆಂದು ವಿದ್ವಾಂಸರ ಮತ. ಅಲ್ಲಿ ಅವನ ಕಣ್ಣಿಗೆ ಬಿದ್ದುದು ವಜ್ರ ಮಾಣಿಕ್ಯಗಳ ಪೇಟೆ. ವಿಜಾಪುರದಲ್ಲಿ ಎತ್ತರವಾದ ಕಲ್ಲುಮನೆಗಳು, ಯುದ್ಧದ ಆನೆಗಳು, ಬೆಳ್ಳಿಬಂಗಾರ, ವಿಚಿತ್ರವೆಂದು ತೋರಿದ ದೇವರ ವಿಗ್ರಹಗಳು. ಕೆಲವೇ ವಾಕ್ಯಗಳಲ್ಲಿ ಆದಿಲಶಾಹಿಯ ರಾಜಧಾನಿ ಮುಗಿದುಹೋಯಿತು! ಜೋಳ ಬೆಳೆದವನಿಲ್ಲ, ಜನರಾಡುವ ನುಡಿಯ ಸುದ್ದಿಯಿಲ್ಲ. ಇದು ವರ್ತಕನ ಕಣ್ಣು. ಹಕ್ಲೂಟನಿಗೂ ಬೇಕಾದುದು ಇದೇ ಬಗೆಯ ಕಣ್ಣು. ೧೬೦೦ರಲ್ಲಿ ಸ್ಥಾಪಿತವಾದ ಈಸ್ಟ್ ಇಂಡಿಯಾ ಕಂಪನಿಯು ಅವನ ಸಲಹೆಯನ್ನು ಸುಮ್ಮನೆ ಪಡೆಯಲಿಲ್ಲ.

ಆದರೂ ಸಂಗ್ರಾಹಕನಾಗಿ ಅವನ ಪ್ರಾಮಾಣಿಕತೆ ದೊಡ್ಡದು. ೧೫೬೭ರಲ್ಲಿ ಹಾಳುಬಿದ್ದ ವಿಜಯನಗರವನ್ನು ಕಂಡ ವೆನಿಸ್ಸಿನ ಸೀಸರ್ ಫ್ರೆಡರಿಕನ ಕಥನವನ್ನೂ ಅವನು ಅದೇ ಗ್ರಂಥದಲ್ಲಿ ಸೇರಿಸಿದ್ದಾನೆ. ಎರಡನ್ನೂ ಹೋಲಿಸಿದರೆ, ಫಿಚ್ ತನ್ನ ಬರಹದ ಅನೇಕ ಕಡೆ ಫ್ರೆಡರಿಕನಿಂದ ಎರವಲು ತಂದುದು ಬಯಲಾಗುತ್ತದೆ. (ನಕಲು ಮಾಡುವ ವಿದ್ಯಾರ್ಥಿಗಳು ಹಿಂದೆಯೂ ಇದ್ದರು!) ಹಕ್ಲೂಟನ ಹಸ್ತಪ್ರತಿಗಳನ್ನು ಪಡೆದು ೧೬೨೫ರಲ್ಲಿ ಸಂಕಲನ ಹೊರತಂದ ಸಾಮ್ಯುಯಲ್ ಪರ್ಚಾಸನಾದರೋ ಕಥನಗಳಿಗೆ ಧಾರಾಳವಾಗಿ ಕತ್ತರಿಯಾಡಿಸಿದನು.

ಕನ್ನಡದಲ್ಲಿ ಇಂಥ ದುಡಿಮೆ ನಡೆಸಿದವರು ಎಚ್. ಎಲ್. ನಾಗೇಗೌಡರು. ಭಾರತಕ್ಕೆ ಬಂದ ಪರದೇಶೀಯರ ಕಥನಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಕನ್ನಡಕ್ಕೆ ತಂದ ಅವರೇ ಹಳ್ಳಿಯ ಹಾಡುಗಳನ್ನೂ ಸಂಗ್ರಹಿಸಿದರು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಫಿಚ್‌ನಂಥವರ ಕಿವಿಗೆ ಬೀಳದ ದನಿಗಳಿಗೂ ಈ ಸಂಗ್ರಾಹಕರಲ್ಲಿ ಎಡೆಯಿತ್ತು.

ಫಿಚ್‌ನ ಹಾದಿಯನ್ನು ಕಪ್ಪುಹಲಗೆಯ ಮೇಲೆ ಬರೆದಾಗ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ: "ಗುರೂಜಿ, ಆಂವ ನಮ್ಮೂರ ಹಾದ್ಯಾಗ ಬಂದಿದ್ನೇನ್ರಿ?" ಬೆಳಗಾವಿಗೂ ವಿಜಾಪುರಕ್ಕೂ ನಡುವಣ ಒಂದು ಊರನ್ನೂ ಅವನು ಹೆಸರಿಸಿಲ್ಲವೆಂದು ಹೇಳಬೇಕಾಯಿತು.